ಬಚ್ಚಲ ಬಾಗಿಲಿನ ಆಚೆ

ಫೆಬ್ರವರಿ 3, ಸೋಮವಾರ

ಇವತ್ತು ಮನೆಯೊಳಕ್ಕೆ ಮೂರು ಸಲ ಬಂದೆ. ಮೊದಲ ಸಲ ನಿಜವಾಗಿ. ಹೊಲಿಗೆ ಅಂಗಡಿಯ ಕೆಲಸದಿಂದ, ಕೈಯಲ್ಲಿ ಹಾಲು, ಮೂಗು ಸೋರಿಸಿಕೊಂಡು. ಉಳಿದೆರಡು ಸಲ ಇವನ ವಿಡಿಯೊಗೋಸ್ಕರ. ಒಮ್ಮೆ ಬೆಳಕು ಸರಿಯಿರಲಿಲ್ಲವಂತೆ. ಇನ್ನೊಮ್ಮೆ ನನ್ನ ಮುಖ.

"ಮನೆಗೆ ಬರೋರ ಥರ ಬಾ ಪುಟ್ಟಿ. ಜಪ್ತಿಗೆ ಬಂದೋರ ಥರ ಬರ್ತಿದೀಯ."

"ಬೆಳಗ್ಗಿಂದ ಕಂಡೋರ ಪ್ಯಾಂಟು ಮೊಟಕು ಮಾಡಿ ಬಂದಿದೀನಿ. ನಗು ಎಲ್ಲಿಂದ ತರಲಿ?"

"ಹಾಂ, ಅದೇ! ಅದನ್ನೇ ಇನ್ನೊಂದ್ಸಲ ಹೇಳು" ಅಂತ ಫೋನ್ ಎತ್ತಿದ.

ನಮ್ಮ ರಾಯರಿಗೆ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಅಲ್ಲಿ ಜನರ ಮೂಳೆ, ಇಲ್ಲಿ ನನ್ನ ಮೂತಿ. ಈ ದೇಶಕ್ಕೆ ಬಂದಿಳಿದ ದಿನ ಏರ್‌ಪೋರ್ಟಿನಲ್ಲೇ ಶುರುವಾದದ್ದು. ತಳ್ಳುಗಾಡಿಯ ಮೇಲಿದ್ದ ಸಾಮಾನು ತೋರಿಸಿ, 'ಎರಡು ಪೆಟ್ಟಿಗೆ' ಅಂತ ಚಾನೆಲ್ಲಿಗೆ ಹೆಸರಿಟ್ಟ. ಮನೆ ಹುಡುಕಿದ್ದು, ಹೀಟರ್ ಕೆಟ್ಟದ್ದು, ನಾನು ಬಸ್ಸಿನಲ್ಲಿ ದಾರಿ ತಪ್ಪಿದ್ದು, ಎಲ್ಲಾ ವಿಡಿಯೊ. ಊರಲ್ಲಿ ಅಮ್ಮನಿಂದ ಹಿಡಿದು ಎದುರುಮನೆ ಟೀಚರ್‌ವರೆಗೂ ನೋಡುತ್ತಾರೆ. ಸುಳ್ಳು ಯಾಕೆ, ಮೊದಮೊದಲು ನನಗೂ ಖುಷಿಯೇ ಇತ್ತು.

ಒಂದನ್ನು ಮಾತ್ರ ಬೇಡ ಅಂದಿದ್ದೇನೆ. ಹೊಟ್ಟೆಯಲ್ಲಿರುವುದರ ಸುದ್ದಿ. ಇನ್ನೂ ಎಳೆಯದು. ಅಮ್ಮನಿಗೂ ಹೇಳಿಲ್ಲ. ಅಮ್ಮನಿಗೆ ಹೇಳಿದ ಮೇಲೆ ಬೇರೆ ಡಂಗುರ ಬೇಕಿಲ್ಲ. ಇವನು ನನ್ನ ನೆತ್ತಿ ಮೇಲೆ ಕೈಯಿಟ್ಟು ಅಂದ, "ನಿನ್ನಾಣೆ. ನೀನು ಹೂಂ ಅನ್ನೋವರೆಗೂ ನನ್ನ ಬಾಯಿಂದ ಬರಲ್ಲ."

ಫೆಬ್ರವರಿ 16, ಭಾನುವಾರ

ರೈಲು ಹತ್ತಿ ದೊಡ್ಡ ಕೆರೆಯಿರುವ ಊರಿಗೆ ಹೋಗಿದ್ದೆವು. ಚಳಿ ಅಂದರೆ ಚಳಿ. ಕಿವಿ ಇದೆಯೋ ಬಿದ್ದುಹೋಯಿತೋ ಮುಟ್ಟಿ ನೋಡಿಕೊಳ್ಳಬೇಕು. ಆ ಚಳಿಗೆ ಇವನ ಫೋನ್ ಸತ್ತೇ ಹೋಯಿತು! ಸ್ವಲ್ಪ ಹೊತ್ತು ಬಾಲ ಕಳಕೊಂಡ ಕೋತಿಯ ಹಾಗೆ ಓಡಾಡಿದ. ಆಮೇಲೆ ಕೈಗಳನ್ನು ಏನು ಮಾಡಬೇಕೋ ತಿಳಿಯದೆ ನನ್ನ ಕೈ ಹಿಡಿದುಕೊಂಡ.

ದಂಡೆಯುದ್ದಕ್ಕೂ ನಡೆದೆವು. ಟೀ ಕೊಂಡು ಊದಿ ಊದಿ ಆರಿಸಿಕೊಟ್ಟ.

"ಗಂಡಾದ್ರೂ ಹೆಣ್ಣಾದ್ರೂ ನನ್ನ ಮೂಗೇ ಬರ್ಲಿ."

"ಮೊದಲು ಮೂಗು ಬಂದು, ಹಿಂದೆ ಮಗು ಬರುತ್ತೆ ಆಗ."

ನಕ್ಕೂ ನಕ್ಕೂ ಬೆಂಚಿನ ಮೇಲೆ ಕೂತುಬಿಟ್ಟೆವು. ಈ ದೇಶಕ್ಕೆ ಬಂದ ಮೇಲೆ ಅಷ್ಟು ನಕ್ಕದ್ದಿಲ್ಲ. ವಾಪಸ್ ಬರುವಾಗ ರೈಲಿನಲ್ಲಿ ಅಂದ, "ಛೆ, ಇಡೀ ದಿನ ವೇಸ್ಟ್ ಆಯ್ತಲ್ಲ."

ನಾನು ಕಿಟಕಿ ಕಡೆ ತಿರುಗಿದೆ.

ಮಾರ್ಚ್ 11

ಹೋಯಿತು.

ಮಾರ್ಚ್ 15, ಶನಿವಾರ

ಡಾಕ್ಟರಮ್ಮ ಒಳ್ಳೆಯವಳು. ನಿನ್ನ ತಪ್ಪಲ್ಲ ಅಂತ ನಿಧಾನವಾಗಿ, ಬಿಡಿಬಿಡಿಸಿ ಹೇಳಿದಳು, ಭಾಷೆ ಬರದವಳಿಗೆ ಹೇಳುವ ಹಾಗೆ. ಅರ್ಥವಾಯಿತು. ಅರ್ಥವಾಗಿ ಏನು ಮಾಡಲಿ?

ಮನೆಗೆ ಬಂದ ದಿನ ಬಾತ್‌ರೂಮಿನ ಚಿಲಕ ಹಾಕಿಕೊಂಡು, ನಲ್ಲಿ ತಿರುಗಿಸಿ ಕೂತೆ. ಪಕ್ಕದ ಮನೆಯವರಿಗೆ ಕೇಳಬಾರದು ಅಂತ ನಲ್ಲಿ. ಕೇಳಿಸಿರುತ್ತದೆ. ಅದು ನನ್ನ ದನಿಯೇ ಅಲ್ಲ. ಹಸುವಿನ ದನಿ. ಹೊರಗೆ ಇವನು ಬಾಗಿಲು ತಟ್ಟುತ್ತಿದ್ದ. "ಪುಟ್ಟಿ, ತೆಗಿಯೇ. ಒಬ್ಬಳೇ ಅಳಬೇಡ. ಪುಟ್ಟೀ..."

ಪಾಪ ಅನ್ನಿಸಿತು. ಆದರೂ ತೆಗೆಯಲಾಗಲಿಲ್ಲ.

ಆಮೇಲೆ ಹೊರಬಂದು ಒಂದೇ ಮಾತು ಹೇಳಿದೆ, "ಯಾರಿಗೂ ಗೊತ್ತಾಗೋದು ಬೇಡ. ಬಂದಿದ್ದೂ ಗೊತ್ತಿಲ್ಲ, ಹೋಗಿದ್ದೂ ಬೇಡ." ತಲೆಯಾಡಿಸಿದ. ಸೂಪು ಕಾಯಿಸಿ ಚಮಚದಲ್ಲಿ ಕುಡಿಸಿದ.

ಫೋನ್ ಆಫ್ ಮಾಡಿ ಚೀಲದ ತಳದಲ್ಲಿಟ್ಟಿದ್ದೇನೆ. ಅಮ್ಮನ ಜೊತೆ ಇವನ ಫೋನಿನಿಂದಲೇ ಎರಡು ಮಾತು. ಜ್ವರ ಅಂದಿದ್ದೇನೆ.

ಏಪ್ರಿಲ್ 5, ಶನಿವಾರ, ಮಧ್ಯಾಹ್ನ. ಅಂಗಡಿಯಲ್ಲಿ

ಬರೆಯದಿದ್ದರೆ ಹುಚ್ಚು ಹಿಡಿಯುತ್ತದೆ.

ಬೆಳಗ್ಗೆ ಬಸ್ಸು. ನನ್ನ ಪಕ್ಕ ಹಸಿರು ಟೋಪಿಯ ಹೆಂಗಸು. ನೋಡಿದಳು, ಮತ್ತೆ ನೋಡಿದಳು. ನಮ್ಮ ಭಾಷೆಯಲ್ಲಿ ಕೇಳಿದಳು, "ನೀವು... ಎರಡು ಪೆಟ್ಟಿಗೆಯೋರಲ್ವಾ?" ನಾನು ಅಭ್ಯಾಸ ಬಲದಿಂದ ಹಲ್ಲು ಬಿಟ್ಟೆ. ಹಿಂದೆಯೂ ಒಂದೆರಡು ಸಲ ಹೀಗೆ ಯಾರೋ ಗುರುತು ಹಿಡಿದದ್ದುಂಟು.

ನನ್ನ ಕೈ ಹಿಡಿದುಕೊಂಡಳು. "ಧೈರ್ಯ ತಗೋಬೇಕಮ್ಮ. ನನ್ನ ತಂಗಿಗೂ ಹೀಗೇ ಆಗಿತ್ತು, ಈಗ ಮುತ್ತಿನಂಥ ಮಗು ಇದೆ. ನಿಮ್ಮ ಯಜಮಾನ್ರು ದೇವರಂಥೋರು. ಎಷ್ಟು ಅತ್ತುಬಿಟ್ರು ಪಾಪ!"

"ಎಲ್ಲಿ ಅತ್ತರು?" ಅಂದೆ.

"ಅದೇ... ವಿಡಿಯೊದಲ್ಲಿ..."

ನನ್ನ ಮುಖ ನೋಡಿ ಅವಳ ಕೈ ಸಡಿಲವಾಯಿತು. "ಅಯ್ಯೋ" ಅಂದಳು. ಮುಂದಿನ ಸ್ಟಾಪಿನಲ್ಲಿ ಇಳಿದುಹೋದಳು. ಅದು ಅವಳ ಸ್ಟಾಪ್ ಇರಲಾರದು.

ಅಂಗಡಿಗೆ ಬಂದು ಟ್ರಯಲ್ ರೂಮಿನ ಪರದೆ ಎಳೆದುಕೊಂಡು ಚೀಲದ ತಳದಿಂದ ಫೋನ್ ತೆಗೆದು ಆನ್ ಮಾಡಿದೆ. ಹುಡುಕಬೇಕಾಗಲೇ ಇಲ್ಲ. ಎಲ್ಲಕ್ಕಿಂತ ಮೇಲಿತ್ತು. 'ನಾವು ಕಳೆದುಕೊಂಡ ಪುಟ್ಟ ಜೀವ.' ಇವನು ಸೋಫಾದ ಮೇಲೆ ಕೂತು ಕಣ್ಣೊರೆಸಿಕೊಂಡು ಮಾತಾಡುತ್ತಾನೆ. ಹಿಂದೆ ಮೆಲ್ಲಗೆ ಪಿಟೀಲು. ಆಮೇಲೆ ನಮ್ಮ ಬಾತ್‌ರೂಮಿನ ಬಾಗಿಲು. ಬರೀ ಬಾಗಿಲು. ನಲ್ಲಿಯ ಸದ್ದು. ಅದರ ಹಿಂದೆ ನಾನು.

ನಾನು.

ಪೂರ್ತಿ ನೋಡಿದೆ. ಯಾಕೆ ನೋಡಿದೆನೋ. ಅಂಗಡಿಯ ಯಜಮಾನಿ ಪರದೆಯಾಚೆಯಿಂದ, "ಹುಷಾರಾಗಿದ್ದೀಯಾ?" ಅಂದರು. ಜಿಪ್ಪು ಸಿಕ್ಕಿಕೊಂಡಿದೆ ಅಂದೆ.

ಅದೇ ದಿನ, ಸಂಜೆ

ಇವನು ಶಿಫ್ಟು ಮುಗಿಸಿ ಬಂದು ಶೂ ಬಿಚ್ಚುತ್ತಿದ್ದ. ಫೋನ್ ಅವನ ಮುಂದೆ ಹಿಡಿದೆ. ಶೂ ಲೇಸು ಕೈಯಲ್ಲೇ ಉಳಿಯಿತು.

"ಹೇಳಬೇಕು ಅಂತಲೇ ಇದ್ದೆ..."

"ಊರಿಗೆಲ್ಲ ಹೇಳಿ ಆದಮೇಲಾ?"

"ನಿನ್ನ ಮುಖ ತೋರಿಸಿಲ್ಲ ಪುಟ್ಟಿ. ಬಾಗಿಲು ಮಾತ್ರ."

"ಅಳ್ತಿರೋದು ಯಾರು? ಬಾಗಿಲಾ?"

ಶೂ ಪಕ್ಕಕ್ಕಿಟ್ಟ. ಆಮೇಲೆ ಶುರುವಿಟ್ಟುಕೊಂಡ. ಎಷ್ಟೋ ಜನ ಹೆಂಗಸರು ಬರೆದಿದ್ದಾರಂತೆ. ಅವರಿಗೆ ಧೈರ್ಯ ಬಂತಂತೆ. ಇಂಥದ್ದನ್ನ ಮುಚ್ಚಿಡಬಾರದಂತೆ. ನನ್ನ ಹೊಟ್ಟೆಯ ವಿಷಯ ನನಗೇ ಪಾಠ!

ಒಂದೇ ಕೇಳಿದೆ. "ಬಾಗಿಲು ತಟ್ಟಿ ತಟ್ಟಿ ನನ್ನ ಕರೀತಿದ್ಯಲ್ಲ. ಫೋನ್ ಹಿಡ್ಕೊಂಡೇ ಕರೀತಿದ್ಯಾ?"

ಇನ್ನೊಂದು ಶೂ ಬಿಚ್ಚುತ್ತಾ ಅಂದ, "ಮೊದಲಲ್ಲ. ಆಮೇಲೆ."

ಸುಳ್ಳಾದರೂ ಹೇಳಬಾರದಿತ್ತೇ?

ಬೇಲಿಯೇ ಎದ್ದು ಹೊಲ ಮೇಯ್ದರೆ ಅಂತ ಅಜ್ಜಿ ಹೇಳುತ್ತಿದ್ದಳು. ಮುಂದಿನ ಮಾತು ಅವಳು ಯಾವತ್ತೂ ಹೇಳಲಿಲ್ಲ. ಹೊಲ ಎಲ್ಲಿಗೆ ಹೋಗಬೇಕು?

ಏಪ್ರಿಲ್ 6, ಭಾನುವಾರ

ಅಮ್ಮನಿಗೆ ಫೋನ್ ಮಾಡಿದೆ. ಪಾಪ, ಯಾರಿಂದಲೋ ಕೇಳಿ ಎದೆಯೊಡೆದುಕೊಂಡಾಳು, ನಾನೇ ಹೇಳಿಬಿಡೋಣ ಅಂತ. ಇವನು ಆಸ್ಪತ್ರೆಯಲ್ಲಿ.

"ಗೊತ್ತು ಕಣೆ" ಅಂದಳು ಅಮ್ಮ.

ಗೊತ್ತಂತೆ. ವಿಡಿಯೊ ಬರುವ ಮೊದಲೇ ಇವನು ಫೋನ್ ಮಾಡಿ ಹೇಳಿದ್ದನಂತೆ. ನನಗೆ ತಿಳಿಸಬೇಡಿ, ಇನ್ನೂ ಕುಗ್ಗುತ್ತಾಳೆ ಅಂದಿದ್ದನಂತೆ. ನಾನು ಇಷ್ಟು ದಿನ "ಜ್ವರ ಅಮ್ಮಾ" ಅಂದಾಗಲೆಲ್ಲ ಅವಳು "ಬಿಸಿನೀರು ಕುಡಿ" ಅನ್ನುತ್ತಿದ್ದದ್ದು...

"ಅಮ್ಮಾ, ನೀನೂನಾ?"

"ಅಳಿಯಂದ್ರು ಅಷ್ಟು ಕೇಳ್ಕೊಂಡ್ರು. ಇಲ್ಲ ಅನ್ನಕ್ಕಾಗುತ್ತಾ? ಎಷ್ಟು ಚೆನ್ನಾಗಿ ಮಾತಾಡಿದ್ರು ಗೊತ್ತಾ? ಎದುರುಮನೆ ಟೀಚರ್ ಬಂದು ನನ್ನ ತಬ್ಕೊಂಡು ಅತ್ರು. ನಾನೂ ಎರಡು ಮಾತು ಹೇಳಿದೀನಿ ನೋಡು, ಎರಡನೇದ್ರಲ್ಲಿ."

ಎರಡನೆಯದೂ ಇದೆ! ನೋಡಿದೆ. ಅಮ್ಮ ರೇಷ್ಮೆ ಸೀರೆ ಉಟ್ಟಿದ್ದಾಳೆ. ಮೈದುನನ ಮದುವೆಗೆ ಉಟ್ಟದ್ದು. ತಲೆಗೆ ಹೂವಿಲ್ಲ. ದುಃಖದ ಸಂದರ್ಭ ಅಂತ ಅಷ್ಟು ಜ್ಞಾನ ಇದೆ. "ನನ್ನ ಮಗಳು ಗಟ್ಟಿಗಿತ್ತಿ" ಅನ್ನುತ್ತಾಳೆ, ಕ್ಯಾಮೆರಾ ಎಲ್ಲಿದೆ ಅಂತ ಹುಡುಕುತ್ತಾ.

ನಗು ಬಂತು. ನಿಜವಾಗಿ. ನಿಲ್ಲಿಸಲಾಗಲಿಲ್ಲ. ಆಮೇಲೆ ಅದು ನಗುವಾಗಿ ಉಳಿಯಲಿಲ್ಲ.

ಏಪ್ರಿಲ್ 9, ಬುಧವಾರ

ಎರಡೂ ವಿಡಿಯೊ ಅಳಿಸಿಹಾಕಿದ. ನನ್ನ ಕಣ್ಣೆದುರೇ. ಇನ್ನು ಈ ಮನೆಯೊಳಗೆ ಫೋನ್ ಎತ್ತಲ್ಲ ಅಂದ. ತಲೆ ಮೇಲೆ ಕೈಯಿಡಲು ಬಂದ, ಹಿಂದೆ ಸರಿದೆ. ತಿಂಡಿ ಅವನೇ ಮಾಡಿದ. ಪಾತ್ರೆ ತೊಳೆದ. ನೋಡಿದರೆ ಅಯ್ಯೋ ಅನ್ನಿಸುವಷ್ಟು ಸಣ್ಣಗಾಗಿದ್ದಾನೆ.

ನಾಳೆ ಸರಿಹೋಗಬಹುದು. ಹೋಗದೆಯೂ ಇರಬಹುದು. ಇವನನ್ನು ಬಿಟ್ಟರೆ ಈ ಊರಿನಲ್ಲಿ ನನ್ನ ಮಾತು ತಿಳಿಯುವವರು ಯಾರಿದ್ದಾರೆ?

ಏಪ್ರಿಲ್ 12, ಶನಿವಾರ

ಕ್ಷಮೆ ಕೇಳಿದ್ದಾನೆ.

ವಿಡಿಯೊದಲ್ಲಿ.

'ಹೆಂಡತಿಯ ಮನಸ್ಸು ನೋಯಿಸಿದೆ.' ನಮ್ಮ ಅಡುಗೆಮನೆಯಲ್ಲಿ ಅಲ್ಲ, ಮಾತು ಉಳಿಸಿಕೊಂಡಿದ್ದಾನೆ. ಮನೆಯ ಹೊರಗೆ, ಮೆಟ್ಟಿಲ ಮೇಲೆ. ನಾನು ತೋಳು ಸರಿಮಾಡಿಕೊಟ್ಟ ಸ್ವೆಟರ್ ಹಾಕಿಕೊಂಡು. ಏನು ನೋಯಿಸಿದ ಅಂತ ಹೇಳಲು ಎಲ್ಲವನ್ನೂ ಮೊದಲಿಂದ ಹೇಳಿದ್ದಾನೆ. ಕೆಳಗೆ ಜನ ಬರೆದಿದ್ದಾರೆ, 'ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರಬೇಕು ಅಕ್ಕ, ಒಪ್ಕೊಳ್ಳಿ.' ಒಬ್ಬಳು, 'ಇಷ್ಟೊಂದು ಹಟ ಒಳ್ಳೇದಲ್ಲ.'

ನಾನು ಕಿರುಚಲಿಲ್ಲ. ಬಟ್ಟೆ ಮಡಚತೊಡಗಿದೆ.

"ಎಲ್ಲಿಗೆ?" ಅಂದ ಬಾಗಿಲಲ್ಲಿ ನಿಂತು.

"ನೀನಿಲ್ಲದ ಕಡೆಗೆ."

"ಕ್ಷಮೆ ಕೇಳಿದ್ದೂ ತಪ್ಪಾ?"

"ಯಾರನ್ನ ಕೇಳಿದ್ದು?"

ಮೆಟ್ಟಿಲ ಕಡೆ ತಿರುಗಿ ನೋಡಿದ. ನಿಜವಾಗಿಯೂ ಗೊತ್ತಿಲ್ಲ ಅವನಿಗೆ. ಅದೇ ಎಲ್ಲಕ್ಕಿಂತ...

ಯಜಮಾನಿಗೆ ಫೋನ್ ಮಾಡಿ, ಅಂಗಡಿಯ ಮೇಲಿನ ರೂಮು ಖಾಲಿ ಇದೆಯಾ ಅಂತ ಕೇಳಿದೆ. ಖಾಲಿ ಇಲ್ಲ, ತುಂಬ ಬಟ್ಟೆ ಇದೆ, ಸರಿಸೋಣ ಬಾ ಅಂದರು.

ಮೇ 3, ಶನಿವಾರ

ಇಷ್ಟು ದಿನ ಬರೆಯಲಿಲ್ಲ. ಮಲಗಿದೆ, ಹೊಲಿದೆ, ಮಲಗಿದೆ. ಮದುವೆ ಸೀಸನ್ ಅಂತೆ ಇಲ್ಲಿ. ಅಂಗಡಿ ತುಂಬ ಬಿಳಿ ಗೌನುಗಳು. ಸೊಂಟ ಹಿಡಿಸು, ಸೊಂಟ ಬಿಡಿಸು. ನನಗೆ ಒಗ್ಗಿದ ಕೆಲಸ.

ಇವನು ದಿನಾ ಮೆಸೇಜು ಹಾಕುತ್ತಿದ್ದ. ಒಂದು ಸಲ ಸಿಗು, ಫೋನ್ ತರಲ್ಲ, ಅಂತ. ಇವತ್ತು ಆಸ್ಪತ್ರೆಯ ಹಿಂದಿನ ಪಾರ್ಕಿಗೆ ಹೋದೆ. ಮನೆಯ ಬೀಗದಕೈ ಹೇಗೂ ಕೊಡಬೇಕಿತ್ತು.

ಜೇಬುಗಳನ್ನು ಹೊರಗೆಳೆದು ತೋರಿಸಿದ. ಖಾಲಿ. ಗಡ್ಡ ಬಂದಿದೆ. ಪಕ್ಕದಲ್ಲಿ ಕೂತ.

"ನಂಗೂ ಮಗು ಹೋಯ್ತು ಪುಟ್ಟಿ" ಅಂದ. "ನೀನು ಬಾಗಿಲು ಹಾಕ್ಕೊಂಡೆ. ನಾನು ಯಾವ ಬಾಗಿಲು ಹಾಕ್ಕೊಳ್ಲಿ? ಯಾರ ಹತ್ರ ಹೇಳ್ಲಿ? ನಮ್ಮಮ್ಮನ ಹತ್ರ ಬೇಡ ಅಂದೆ, ಸ್ನೇಹಿತರ ಹತ್ರ ಬೇಡ ಅಂದೆ. ನಿನ್ನ ಹತ್ರ ಬಂದ್ರೆ ಗೋಡೆ ನೋಡ್ತಿದ್ದೆ. ಶಿಫ್ಟಲ್ಲಿ ಬಸುರಿ ಹೆಂಗಸ್ರು ಯಾರಾದ್ರೂ ಕಾರಿಡಾರಲ್ಲಿ ಕಂಡ್ರೆ ಎಕ್ಸ್‌ರೇ ರೂಮೊಳಗೆ ಹೋಗಿ ನಿಂತ್ಕೋತಿದ್ದೆ. ನಂಗೆ ಮಾತಾಡಕ್ಕೆ ಆ ಹಾಳು ಫೋನ್ ಒಂದೇ ಗೊತ್ತಿತ್ತು."

ಇದನ್ನು ಅವನು ಮೊದಲು ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ. ಇಬ್ಬರೂ ಅತ್ತೆವು. ಮಗು ಹೋದ ಮೇಲೆ ಮೊದಲ ಸಲ, ಒಟ್ಟಿಗೆ. ಅವನ ತಲೆ ನನ್ನ ಭುಜದ ಮೇಲೆ. ಕೂದಲಿಗೆ ಅದೇ ಹಳೆಯ ವಾಸನೆ. ಹೋಗಿಬಿಡೋಣ ಮನೆಗೆ, ಸಾಕು ಅನ್ನಿಸಿತು. ಬೀಗದಕೈಯನ್ನು ಮತ್ತೆ ಚೀಲದೊಳಗೆ ಹಾಕಿಕೊಂಡೆ. ನಿಜ.

ಅವನು ಮೂಗೊರೆಸಿಕೊಂಡ. ದೊಡ್ಡ ಉಸಿರುಬಿಟ್ಟ. ಹಗುರಾದವನ ಹಾಗೆ.

"ಛೆ" ಅಂದ, "ಆವತ್ತು ಹೀಗೇ ಹೇಳಬೇಕಿತ್ತು ನೋಡು. ವಿಡಿಯೊದಲ್ಲಿ ಇಷ್ಟು ಚೆನ್ನಾಗಿ ಬರಲೇ ಇಲ್ಲ."

ಕೆಟ್ಟದ್ದಾಗಿ ಹೇಳಲಿಲ್ಲ ಅವನು. ಅದೇ ಕಷ್ಟ. ಹೇಳಿದ್ದು ಅವನಿಗೂ ಕೇಳಿಸಿತು ಅನ್ನಿಸುತ್ತದೆ. ಮುಖ ಬಿಳುಚಿಕೊಂಡಿತು. "ಹಾಗಲ್ಲ ಪುಟ್ಟಿ, ನಾನು ಅಂದಿದ್ದು..."

ಚೀಲದಿಂದ ಬೀಗದಕೈ ತೆಗೆದು ಅವನ ಅಂಗೈಯಲ್ಲಿಟ್ಟೆ. ಬೆರಳುಗಳನ್ನು ನಾನೇ ಮಡಚಿದೆ. ಎದ್ದು ಬಂದೆ. ಹಿಂದೆ ಕರೆಯುತ್ತಲೇ ಇದ್ದ.

ಮೇ 4, ಭಾನುವಾರ, ಬೆಳಗ್ಗೆ

ಅಂಗಡಿಗೆ ರಜೆ. ಕಿಟಕಿ ತೆರೆದಿದ್ದೇನೆ. ಕೆಳಗೆ ಬೀದಿ ಗುಡಿಸುವ ಗಾಡಿ. ಟೀ ಮಾಡಿಕೊಂಡೆ, ಮುಖ ತೊಳೆಯದೆ ಕುಡಿದೆ. ತಲೆ ಕೆದರಿದೆ. ಇದ್ದರೆ ಇರಲಿ.

ಅಮ್ಮ ಫೋನ್ ಮಾಡಿದ್ದಳು. "ಗಂಡಸ್ರು ಅಂದ್ಮೇಲೆ..." ಅಂತ ಶುರುಮಾಡಿದಳು. ಆಮೇಲೆ ಮಾತಾಡ್ತೀನಿ ಅಂದೆ. "ಸಿಟ್ಟಾ?" ಅಂದಳು. ಹೂಂ ಅಂದೆ. ಸಿಟ್ಟು ಅಂತ ಅಮ್ಮನಿಗೆ ಹೇಳಿದ್ದು ಇದೇ ಮೊದಲು. ಆದರೂ ಫೋನ್ ಇಬ್ಬರೂ ಇಡಲಿಲ್ಲ.

ಇನ್ನು ಎಲ್ಲರಿಗೂ ಎಲ್ಲಾ ಗೊತ್ತು. ಯಾವ ದಿನ, ಯಾವ ಆಸ್ಪತ್ರೆ, ಎಷ್ಟು ಅತ್ತೆ. ಹಸಿರು ಟೋಪಿಯವಳಿಗೂ ಗೊತ್ತು.

ಒಂದನ್ನು ಬಿಟ್ಟು. ಮಗುವಿಗೆ ನಾನೊಂದು ಹೆಸರಿಟ್ಟಿದ್ದೆ. ಹೊಲಿಯುವಾಗ ಮೆಷಿನ್ನಿನ ಸದ್ದಿನಲ್ಲಿ ಕರೆಯುತ್ತಿದ್ದೆ. ಇವನಿಗೆ ಹೇಳೋಣ ಹೇಳೋಣ ಅಂತ ಇದ್ದು, ಹೇಳಿರಲಿಲ್ಲ. ಅದಕ್ಕೇ ಉಳಿಯಿತು. ಮರೆತುಹೋಗುವ ಮೊದಲು ಇಲ್ಲಾದರೂ ಬರೆದಿಡೋಣ ಅಂತ ಈಗ ಮೊದಲ ಅಕ್ಷರ ಬರೆದೆ.

ಹೊಡೆದುಹಾಕಿದೆ.

ಬೇಡ. ಇಲ್ಲೂ ಬೇಡ.