ಪಾದ್ರಿಯ ಪುಸ್ತಕದಲ್ಲಿಲ್ಲದ ಹೆಸರು

ಡೇಲಿ ಸಿಟಿ
ಮಂಗಳವಾರ, 4 ಮಾರ್ಚ್ 2025

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಅತ್ತೆಯ ಸೊಂಟದ ನೋವು ಇಳಿಯಿತೇ, ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಿದ್ದಾರೆಯೇ? ನಿಮಗೆ ಬಿಪಿ ಮಾತ್ರೆ ನೆನಪಿಸುವವರು ಅಲ್ಲಿ ಯಾರೂ ಇಲ್ಲವೆಂದು ಗೊತ್ತು, ಮರೆಯಬೇಡಿ. ದಿನಾ ಫೋನು ಮಾಡುವವಳು ಕಾಗದ ಏಕೆ ಬರೆದಳೆಂದು ಹುಬ್ಬೇರಿಸಬೇಡಿ. ನೀವು ಫೋನ್ ಎತ್ತಿದ ಕೂಡಲೇ ಸ್ಪೀಕರಿಗೆ ಹಾಕುತ್ತೀರಿ, ಹಾಸನದ ಅರ್ಧ ಬೀದಿ ಕೇಳಿಸಿಕೊಳ್ಳುತ್ತದೆ. ಈ ವಿಷಯ ನಿಮಗೊಬ್ಬರಿಗೇ ಹೇಳಬೇಕು. ನನ್ನ ತಮ್ಮ ಸುಮನ್ ಇವತ್ತು ಸಂಜೆಯ ವಿಮಾನಕ್ಕೆ ಬೆಂಗಳೂರಿಗೆ ಹೊರಟಿದ್ದಾನೆ, ಅವನ ಕೈಲಿ ಕಳಿಸುತ್ತಿದ್ದೇನೆ.

ಪಕ್ಕದ ಮನೆಯ ಫಿಲಿಪೀನ್ಸಿನ ರೋವೀನಾಗೆ ಗುರುವಾರ ಬೆಳಿಗ್ಗೆ ಹೃದಯದ ಆಪರೇಷನ್ನು. ಕವಾಟ ಬದಲಿಸಬೇಕಂತೆ, ಬದುಕುವ ಖಾತ್ರಿ ಇಲ್ಲವೆಂದು ಡಾಕ್ಟರು ಮುಖದ ಮೇಲೇ ಹೇಳಿದ್ದಾರೆ. ಗಂಡ ತೀರಿಕೊಂಡಿದ್ದು ನಿಮಗೆ ಗೊತ್ತೇ ಇದೆ. ಅವಳ ಊರಿನಲ್ಲಿ ಇರುವುದು ಮುದಿ ತಾಯಿಯೊಬ್ಬಳೇ. ನಿನ್ನೆ ವಕೀಲರ ಕಾಗದ ತಂದು ನನ್ನ ಮುಂದಿಟ್ಟಳು. ಅವಳಿಗೇನಾದರೂ ಆದರೆ ಎರಡು ವರ್ಷದ ಮಗಳು ಲೂಸಿಯಾಳನ್ನು ಸಾಕುವವರು ವಸುಧಾ ಮತ್ತು ರಘು, ಅಂದರೆ ನಾವಿಬ್ಬರು, ಎಂದು ಅದರಲ್ಲಿತ್ತು.

ಕಳೆದ ವರ್ಷ ಮಗುವಿಗೆ ಚರ್ಚಿನಲ್ಲಿ ದೀಕ್ಷಾಸ್ನಾನ ಮಾಡಿಸಿದಾಗ, ನಮ್ಮ ನಾಮಕರಣದ ಹಾಗೆ ಏನೋ ಇರಬೇಕೆಂದು ಹೊಸ ಸೀರೆ ಉಟ್ಟು, ಬೆಳ್ಳಿ ಕಾಲ್ಗೆಜ್ಜೆ ಕೊಟ್ಟು, ಮಗುವನ್ನು ಎತ್ತಿಕೊಂಡು ಫೋಟೋಗೆ ಹಲ್ಲುಬಿಟ್ಟು ನಿಂತೆನಲ್ಲ? ನೀವೂ ಆ ಊಟವನ್ನು ಒಂದು ವಾರ ಹೊಗಳಿದಿರಿ. ಅದು ಬರೀ ಒಂದು ದಿನದ ಶಾಸ್ತ್ರವಲ್ಲವಂತೆ ರೀ. ಸ್ಪೇನಿನವರು ಮುನ್ನೂರು ಚಿಲ್ಲರೆ ವರ್ಷ ಇವರ ದೇಶವನ್ನು ಆಳಿ, ಹೆಸರು ದೇವರು ಎರಡನ್ನೂ ಬದಲಿಸಿ ಹೋದರು. ಅವರ ಕಾಲದಲ್ಲಿ ಬಂದ ಈ ದೀಕ್ಷಾಸ್ನಾನದ ಸಂಬಂಧವನ್ನು ಇವರು ಒಡಹುಟ್ಟಿದವರಷ್ಟೇ ಗಟ್ಟಿ ಮಾಡಿಕೊಂಡಿದ್ದಾರೆ. ಅವತ್ತು ಮಗುವನ್ನು ಎತ್ತಿ ಹಿಡಿದವಳು ತಾಯಿಗೆ ಕುಮಾರೆ, ಅಂದರೆ ಜೊತೆತಾಯಿ. ವರ್ಷದಿಂದ ರೋವೀನಾ ನನ್ನನ್ನು ಹಾಗೆ ಕರೆಯುತ್ತಿದ್ದಾಳೆ, ನಾನು ಪ್ರೀತಿಗೆ ಕರೆಯುತ್ತಾಳೆಂದು ಓಗೊಡುತ್ತಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನಿನ್ನೆ ತಪ್ಪಿಸಿಕೊಳ್ಳಲು ನೋಡಿದೆ. ನಾನು ನಿಮ್ಮ ಧರ್ಮದವಳಲ್ಲ, ಪಾದ್ರಿಯ ಪುಸ್ತಕದಲ್ಲಿ ನನ್ನ ಹೆಸರೇ ಇಲ್ಲವಲ್ಲ ಅಂದೆ. "ಪುಸ್ತಕ ಪಾದ್ರಿದು ಕುಮಾರೆ, ಮಗು ಹಿಡ್ಕೊಂಡಿದ್ದು ನೀನು" ಅಂದಳು.

ನಿಮ್ಮ ಮನಸ್ಸೂ ಗೊತ್ತು. ಮಗಳು ನಿಸರ್ಗಾಳ ಓದು ಮುಗಿಯಿತು, ಮುಂದಿನ ವರ್ಷ ಮೈಸೂರಿನಲ್ಲಿ ಬೆಳಿಗ್ಗೆ ವಾಕಿಂಗು, ಮಧ್ಯಾಹ್ನ ನಿದ್ದೆ ಎಂದು ಕನಸು ಕಟ್ಟಿಕೊಂಡು ಕೂತಿದ್ದೀರಿ. ನಿಮಗೆ ಅರವತ್ತು, ನನಗೆ ಐವತ್ತಾರು. ಈ ವಯಸ್ಸಿನಲ್ಲಿ ಮತ್ತೆ ಡೈಪರು, ಡೇಕೇರು. ನನಗೂ ಭಯವಾಗುತ್ತಿದೆ.

ಅತ್ತೆಗೆ ನನ್ನ ನಮಸ್ಕಾರ ತಿಳಿಸಿ. ಅವರ ಕಾಲಿಗೆ ಎಣ್ಣೆ ಹಚ್ಚಲು ಕೆಲಸದ ಬೋರಮ್ಮನಿಗೆ ನೆನಪಿಸಿ.

ಇಂತಿ ನಿಮ್ಮ
ವಸುಧಾ

ವಿ. ಸೂ.: ಸುಮನ್ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ಇಷ್ಟೆಲ್ಲ ಬರೆದು ಒಂದು ಮಾತು ಮುಚ್ಚಿಟ್ಟೆ. ಶನಿವಾರ ಇದು ನಿಮ್ಮ ಕೈ ಸೇರುವಾಗ ಆಪರೇಷನ್ನು ಮುಗಿದಿರುತ್ತದೆ. ನಾನು ಬೆಳಿಗ್ಗೆಯೇ ಸಹಿ ಹಾಕಿಬಿಟ್ಟೆ, ನಿಮ್ಮ ಹೆಸರಿನ ಮುಂದೆ ಜಾಗ ಖಾಲಿ ಇದೆ. ಸ್ಪೀಕರಿಗೆ ಹಾಕದೆ ಫೋನ್ ಮಾಡಿ. ಬೈಯುವುದಿದ್ದರೆ ಬೈಯಿರಿ, ಆದರೆ ಮೊದಲು ರೋವೀನಾ ಹೇಗಿದ್ದಾಳೆಂದು ಕೇಳಿ.