ಅರ್ಧಕ್ಕೆ ನಿಂತ ಸಂದೇಶಗಳನ್ನು ಅಳಿಸಬೇಡಿ

ಮಾನ್ಯ ವಿದ್ಯಾರ್ಥಿ ಕ್ಷೇಮ ನಿರ್ದೇಶಕರೇ,

ಮುಂದಿನ ವಾರ ತಾವು ವೇದಿಕೆಯ ಮೇಲೆ ಕೊಡಲಿರುವ ಪ್ರಶಸ್ತಿ ನನಗೆ ಬೇಡ. ಬೇಡ ಎಂದಷ್ಟೇ ಹೇಳಿ ಸುಮ್ಮನಾಗುವ ಹಾಗೂ ಇಲ್ಲ. ಆಪ್ತಸಮಾಲೋಚನೆ ಕೇಳುವ ವಿದ್ಯಾರ್ಥಿಗಳಲ್ಲಿ ಯಾರನ್ನು ಮೊದಲು ಕರೆಯಬೇಕು ಎಂದು ಹೇಳಲು ನಾನು ಬರೆದುಕೊಟ್ಟ ಪ್ರೋಗ್ರಾಂ ತಪ್ಪು ಮಾಡುತ್ತಿದೆ. ಆ ತಪ್ಪನ್ನು ಅದಕ್ಕೆ ಕಲಿಸಿದವಳು ನಾನೇ. ತಮ್ಮ ಕೋಣೆಗೆ ಬಂದು ಇದನ್ನು ಹೇಳಿದೆ. ತಾವು ಕಾಫಿ ತರಿಸಿದಿರಿ, ಪ್ರೋಗ್ರಾಂ ನಿಲ್ಲಿಸಲಿಲ್ಲ. ಆದ್ದರಿಂದ ಈಗ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಮ್ಮ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರವನ್ನೂ ಕಂಪ್ಯೂಟರ್ ವಿಜ್ಞಾನವನ್ನೂ ಒಟ್ಟಿಗೆ ಓದುವ ಪದವಿಯೊಂದಿದೆ. ಪ್ರವೇಶದ ಪುಸ್ತಿಕೆಯಲ್ಲಿ ಅದನ್ನು ಮನಸ್ಸು ಮತ್ತು ಯಂತ್ರಗಳ ಅಪೂರ್ವ ಸಂಗಮ ಎಂದು ವರ್ಣಿಸಲಾಗಿದೆ. ಸಂಗಮ ಎಲ್ಲಿ ನಡೆಯುತ್ತದೆ ಎಂದು ಯಾರೂ ಕೇಳಿಲ್ಲ. ಮನಶ್ಶಾಸ್ತ್ರ ವಿಭಾಗ ಮೇಲಿನ ಮಹಡಿಯಲ್ಲಿದೆ, ಕಂಪ್ಯೂಟರ್ ಲ್ಯಾಬ್ ನೆಲಮಾಳಿಗೆಯಲ್ಲಿದೆ, ನಡುವಿನ ಲಿಫ್ಟ್ ಕೆಟ್ಟು ನಿಂತಿದೆ. ಎರಡೂ ವಿಭಾಗಗಳು ಸೇರುವುದು ವೇಳಾಪಟ್ಟಿಯಲ್ಲಿ ಮಾತ್ರ, ಅದೂ ಎರಡರ ತರಗತಿ ಒಂದೇ ಹೊತ್ತಿಗೆ ಬಿದ್ದಾಗ. ಮೇಲಿನವರು ನನ್ನನ್ನು ಕಂಪ್ಯೂಟರ್ ಎಂದು ಕರೆಯುತ್ತಾರೆ, ಕೆಳಗಿನವರು ಡಾಕ್ಟರಮ್ಮ ಎನ್ನುತ್ತಾರೆ. ಮೆಟ್ಟಿಲು ಹತ್ತಿ ಇಳಿದು ನನ್ನ ಕಾಲು ಗಟ್ಟಿಯಾಯಿತು. ಎರಡೂ ವಿದ್ಯೆಯನ್ನು ಒಂದೇ ತಲೆಯಲ್ಲಿ ಇಟ್ಟುಕೊಂಡಿದ್ದೇನೆ ಎಂಬ ಜಂಬವೂ ಬಂತು. ವಾಸ್ತವದಲ್ಲಿ ಅವೆರಡೂ ನನ್ನ ತಲೆಯೊಳಗೆ ಒಂದನ್ನೊಂದು ಮಾತನಾಡಿಸಿರಲಿಲ್ಲ.

ಹೇಗೆ ಎಂದು ಹೇಳುತ್ತೇನೆ. ಈ ಪ್ರೋಗ್ರಾಂ ಬರುವ ಮೊದಲು ಸಮಾಲೋಚಕಿಯರ ಕೋಣೆಯ ಹೊರಗೆ ಒಂದು ಬೆಂಚ್ ಇತ್ತು. ಮಾತನಾಡಬೇಕು ಅನ್ನಿಸಿದವರು ಅದರ ಮೇಲೆ ಕೂರುತ್ತಿದ್ದರು. ಎಷ್ಟೋ ಜನ ಸ್ವಲ್ಪ ಹೊತ್ತು ಕೂತು, ಚಪ್ಪಲಿ ನೋಡಿಕೊಂಡು, ಎದ್ದು ಹೋಗುತ್ತಿದ್ದರು. ಇಂಥವರ ಬಗ್ಗೆ ನಮ್ಮ ಮನಶ್ಶಾಸ್ತ್ರದ ಮೇಡಂ ತರಗತಿಯಲ್ಲಿ ಹೇಳಿದ್ದರು: "ಹೇಳ್ಕೊಂಡು ಅಳೋರನ್ನ ನೋಡೋಕೆ ಯಾರಾದ್ರೂ ಇರ್ತಾರೆ. ಹೇಳೋಕೆ ಅಂತ ಬಂದು ಹೇಳದೆ ಎದ್ದು ಹೋದ್ರಲ್ಲ, ಅವರ ಹಿಂದೆ ಹೋಗಿ." ನಾನು ಅದನ್ನು ಬರೆದುಕೊಂಡೆ, ಕೆಳಗೆ ಗೆರೆಯನ್ನೂ ಎಳೆದೆ. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು, ಒಳ್ಳೆಯ ಅಂಕವೂ ಬಂತು.

ಅದೇ ವಾರ ನೆಲಮಾಳಿಗೆಯಲ್ಲಿ ನನ್ನ ಪ್ರೋಗ್ರಾಂನ ಪ್ರಯೋಗ ನಡೆಯುತ್ತಿತ್ತು. ವಿದ್ಯಾರ್ಥಿಗಳು ತಮ್ಮ ಕಷ್ಟವನ್ನು ಪರದೆಯ ಮೇಲೆ ಬರೆಯಬೇಕು, ಯಾರದು ತುರ್ತು ಎಂದು ಯಂತ್ರ ತೀರ್ಮಾನಿಸಬೇಕು. ನೆಟ್‌ವರ್ಕ್ ಹೋದರೆ ಬರೆದದ್ದು ಕಳೆದುಹೋಗದಿರಲಿ ಎಂದು, ಬರೆದಷ್ಟೂ ತಾನಾಗಿಯೇ ಉಳಿಯುವ ಏರ್ಪಾಟು ಮಾಡಿದ್ದೆ. ಹಾಗೆ ಉಳಿದವುಗಳಲ್ಲಿ ಎಷ್ಟೋ ಸಂದೇಶಗಳು ಅರ್ಧಕ್ಕೇ ನಿಂತಿದ್ದವು. "ನನಗೆ ಸ್ವಲ್ಪ ದಿನದಿಂದ" ಎಂದು ಶುರುವಾಗಿ ಮುಂದೆ ಏನೂ ಇಲ್ಲ. ಕೆಲವದರಲ್ಲಿ "ಮೇಡಂ" ಎಂಬ ಒಂದೇ ಪದ. ಇವು ಸೇರಿದರೆ ಯಂತ್ರ ತಡವರಿಸುತ್ತಿತ್ತು. ಲ್ಯಾಬಿನ ಮೇಷ್ಟ್ರು ಇಣುಕಿ ನೋಡಿ, "ಪೂರ್ತಿ ಇಲ್ದೇ ಇರೋದನ್ನೆಲ್ಲ ಕಿತ್ತಾಕು, ಕಸ ಹೋದ್ರೆ ರಿಸಲ್ಟ್ ತಾನಾಗೇ ಚೆನ್ನಾಗ್ ಬರುತ್ತೆ" ಎಂದರು. ಸರ್ವರ್‌ನಲ್ಲಿ ಅವು ಉಳಿದವು, ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳುವ ಪಟ್ಟಿಯಿಂದ ಕಿತ್ತುಹಾಕಿದೆ. ರಿಸಲ್ಟ್ ನಿಜಕ್ಕೂ ಚೆನ್ನಾಗಿ ಬಂತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಮೇಲಿನ ಮಹಡಿಯ ಪಾಠ ಕೇಳಿದವರಲ್ಲ. ಕೇಳಿದವಳು ನಾನು. ಯಾರ ಹಿಂದೆ ಹೋಗಬೇಕು ಎಂದು ಗೆರೆ ಎಳೆದುಕೊಂಡಿದ್ದೆನೋ ಅವರನ್ನೇ ಕಸವೆಂದು ಗುಡಿಸಿದೆ. ಒಂದೇ ವಿಷಯ ಓದಿದವರು ಮಾಡಬಹುದಾದ ತಪ್ಪಲ್ಲ ಇದು, ಮಾನ್ಯರೇ. ಇದಕ್ಕೆ ಎರಡು ವಿಷಯಗಳ ಓದು ಬೇಕು.

ತಾವು ಮೆಚ್ಚಿದಿರಿ. ಬೆಂಚ್ ತೆಗೆಸಿ ಆ ಜಾಗದಲ್ಲಿ ಸೂಚನಾಫಲಕ ಹಾಕಿಸಿದಿರಿ. ಸರದಿ ಚಿಕ್ಕದಾಯಿತು ಎಂದು ವರದಿ ಬರೆದಿರಿ. ಆಗದೆ ಏನು? ಬಾಯಿ ಬಿಡಲಾರದವರನ್ನು ಲೆಕ್ಕದಿಂದಲೇ ತೆಗೆದರೆ ಯಾವ ಸರದಿ ತಾನೇ ಚಿಕ್ಕದಾಗುವುದಿಲ್ಲ?

ಈಗ ನನ್ನ ತಂಗಿಯ ವಿಷಯ. ಅವಳು ಇಲ್ಲೇ ಮೊದಲ ವರ್ಷದಲ್ಲಿ ರಸಾಯನಶಾಸ್ತ್ರ ಓದುತ್ತಿದ್ದಳು. ನಾವಿಬ್ಬರೂ ಒಂದೇ ಬಾಡಿಗೆ ಕೋಣೆಯಲ್ಲಿದ್ದೆವು. ಕಿಟಕಿಯ ಕಡೆ ಅವಳ ಮಂಚ, ಗೋಡೆಯ ಕಡೆ ನನ್ನ ಮೇಜು. ಅವಳು ತರಗತಿಗೆ ಹೋಗುವುದು ಕಡಿಮೆಯಾಯಿತು, ತಲೆ ಬಾಚುವುದು ಬಿಟ್ಟಳು, ನಾನು ತಮಾಷೆ ಮಾಡಿದರೆ ಬೈಯುವುದನ್ನೂ ಬಿಟ್ಟಳು. ಬೈಯುವುದು ಬಿಟ್ಟಾಗಲಾದರೂ ನನಗೆ ಹೊಳೆಯಬೇಕಿತ್ತು. ನನ್ನ ಕಣ್ಣು ಪರದೆಗೆ ಅಂಟಿತ್ತು. ಪರದೆಯ ಮೇಲೆ ಏನಿತ್ತು? ವಿದ್ಯಾರ್ಥಿಗಳ ಮನಸ್ಸಿನ ನೋವು ಕಂಡುಹಿಡಿಯುವ ಪ್ರೋಗ್ರಾಂ ಇತ್ತು. ತನ್ನ ಪರೀಕ್ಷೆಯ ದಿನ ಅವಳು ಹಾಸಿಗೆ ಬಿಟ್ಟು ಏಳಲೇ ಇಲ್ಲ. ಅಮ್ಮ ಬಂದು ಮನೆಗೆ ಕರೆದುಕೊಂಡು ಹೋದರು. ಅಮ್ಮ ಕಣ್ಣಾಸ್ಪತ್ರೆಯಲ್ಲಿ ನರ್ಸ್, ಗಟ್ಟಿಯಾಗಿ ಮಾತನಾಡುವವರೇ ಅಲ್ಲ. ಬಸ್ ಹತ್ತುವ ಮುಂಚೆ ಮೆಲ್ಲಗೆ ಕೇಳಿದರು: "ನೀನು ಅದನ್ನೇ ಓದ್ತಿರೋದಲ್ವೇನೇ? ಗೊತ್ತಾಗ್ಲಿಲ್ವಾ?" ನಾನು ತಂಗಿಯ ಚೀಲವನ್ನು ಬಸ್ಸಿನೊಳಗೆ ಇಟ್ಟು ಕೆಳಗಿಳಿದೆ.

ರಜೆಯಲ್ಲಿ ಮನೆಗೆ ಹೋದಾಗ ತಂಗಿ ಬಟ್ಟೆ ಮಡಚುತ್ತಾ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತು ಮಡಚತೊಡಗಿದೆ. ಅವಳೇ ಹೇಳಿದಳು.

"ನಿನ್ನ ಮಷೀನ್‌ಗೆ ಬರೆದಿದ್ದೆ ಅಕ್ಕ. ಒಂದ್ಸಲ ಅಲ್ಲ, ಸುಮಾರು ಸಲ. ಕಳಿಸ್ಲಿಲ್ಲ ಅಷ್ಟೆ."

"ಯಾಕೆ ಕಳಿಸ್ಲಿಲ್ಲ?"

"ನೀನು ಓದಿಬಿಟ್ರೆ ಅಂತ ಭಯ ಆಯ್ತು."

"ನಾನು ಓದೋ ಹಾಗಿಲ್ಲ ಕಣೇ, ಅದು ಕೌನ್ಸೆಲಿಂಗ್ ಮೇಡಂಗೆ ಹೋಗೋದು."

"ಗೊತ್ತು." ಒಂದು ಟವೆಲನ್ನು ಬಿಚ್ಚಿ ಮತ್ತೆ ಮಡಚಿದಳು. "ಆಮೇಲೆ, ಓದಿದ್ರೇ ಚೆನ್ನಾಗಿತ್ತು ಅನ್ನಿಸ್ತು."

ಈಗ ಅವಳು ಅಲ್ಲಿಯ ವೈದ್ಯರೊಬ್ಬರನ್ನು ಕಾಣುತ್ತಿದ್ದಾಳೆ. ಸುಧಾರಿಸುತ್ತಾಳೆ ಎನ್ನುತ್ತಾರೆ. ವರ್ಷ ಕೈತಪ್ಪಿತು, ಇರಲಿ. ರಜೆ ಮುಗಿಸಿ ಬಂದವಳೇ ನಾನು ತಮ್ಮನ್ನು ಕಾಣಲು ಬಂದೆ. ತಮ್ಮ ಕೋಣೆಗೆ ಬಂದಾಗ ನಾನು ತಪ್ಪು ಒಪ್ಪಿಕೊಳ್ಳುತ್ತಿದ್ದೆ, ತಾವು ವಿನಯ ಎಂದುಕೊಂಡಿರಿ. ಆಮೇಲೆ ಅಂದಿರಿ: "ಕಳಿಸದೇ ಇರೋ ಸಂದೇಶವನ್ನ ನಾವು ಓದೋದು ನೀತಿಗೆ ವಿರುದ್ಧ ಅಲ್ವೇನಮ್ಮ? ಹೇಗೂ ಈ ಅವಧಿ ಮುಗಿದ ತಕ್ಷಣ ನಿಯಮದ ಪ್ರಕಾರ ಎಲ್ಲಾ ಅಳಿಸಿಹೋಗುತ್ತೆ." ನೀತಿಯ ಮಾತು ಸರಿಯಾಗಿದೆ. ಒಬ್ಬರು ಹೇಳದೆ ಉಳಿಸಿಕೊಂಡದ್ದನ್ನು ಕದ್ದು ಓದಬಾರದು, ನಾನೂ ಓದಿಲ್ಲ, ಪರೀಕ್ಷೆಗೆಂದು ಕಣ್ಣಿಗೆ ಬಿದ್ದ ಹೆಸರಿಲ್ಲದ ಸಾಲುಗಳ ಹೊರತು. ಆದರೆ ಬಾಗಿಲ ಹೊರಗೆ ಯಾರೋ ನಿಂತಿದ್ದಾರೆ ಎಂದು ತಿಳಿದ ಮೇಲೆ, ಅವರ ಚೀಲ ತಡಕುವುದು ಬೇರೆ, ಬಾಗಿಲು ತೆರೆಯುವುದು ಬೇರೆ. ಮೊದಲನೆಯದು ತಪ್ಪು ಎಂಬ ನೆಪದಲ್ಲಿ ಎರಡನೆಯದನ್ನೂ ಮಾಡದಿರುವುದಕ್ಕೆ ನೀತಿ ಎಂದು ಹೆಸರಿಡಬೇಡಿ.

ನನ್ನ ಬೇಡಿಕೆ ಇಷ್ಟು. ಪ್ರೋಗ್ರಾಂ ಇವತ್ತೇ ನಿಲ್ಲಿಸಿ. ಅರ್ಧಕ್ಕೆ ನಿಂತ ಸಂದೇಶಗಳ ಒಳಗೆ ಏನಿದೆ ಎಂದು ಯಾರೂ ನೋಡಬೇಕಿಲ್ಲ. ಬರೆಯಲು ಕೂತವರು ಯಾರು ಎಂಬುದು ಅವರ ವಿದ್ಯಾರ್ಥಿ ಸಂಖ್ಯೆಯಿಂದ ತಿಳಿಯುತ್ತದೆ. ಅದನ್ನು ನನ್ನಂಥವರ ಕೈಗೆ ಕೊಡದೆ ಸಮಾಲೋಚಕಿಯರಿಗಷ್ಟೇ ಕೊಡಿ. ಅಳಿಸುವ ದಿನ ಬರುವ ಮೊದಲು ಒಬ್ಬೊಬ್ಬರಿಗೂ ಅವರು ಫೋನ್ ಮಾಡಿ, ಏನನ್ನೂ ಬರೆಯಬೇಕಿಲ್ಲ, ಸುಮ್ಮನೆ ಬಂದು ಕೂತರೂ ಸಾಕು ಎಂದು ಹೇಳಲಿ. ಇಬ್ಬರೇ ಸಮಾಲೋಚಕಿಯರು ಸಾಲುವುದಿಲ್ಲ ಎಂದಾದರೆ ಇನ್ನಷ್ಟು ಜನರನ್ನು ನೇಮಿಸಿ, ವರದಿಯಲ್ಲಿ ಸರದಿ ಉದ್ದವಾಗಿ ಕಾಣಲಿ.

ಅರ್ಧ ಬರೆದು ನಿಲ್ಲಿಸಿದವರಲ್ಲಿ ಒಬ್ಬಳಿಗೆ ಅಕ್ಕ ಇದ್ದಳು, ಅವಳಿಗೂ ತಡವಾಗಿಯೇ ಕೇಳಿಸಿತು. ಉಳಿದವರು ಈ ಹೊತ್ತು ಯಾವ ಯಾವ ಕೋಣೆಗಳಲ್ಲಿ, ಯಾರ ಬೆನ್ನು ನೋಡುತ್ತಾ ಮಲಗಿದ್ದಾರೋ ನನಗೆ ಗೊತ್ತಿಲ್ಲ. ಅವರ ಸಂಖ್ಯೆಗಳು ತಮ್ಮ ಬಳಿ ಇವೆ.

ಇಂತಿ,
ಎರಡೂ ವಿಷಯಗಳಲ್ಲಿ ಪಾಸಾದ,
ತಮ್ಮ ಪ್ರಶಸ್ತಿಗೆ ಆಯ್ಕೆಯಾದ ವಿದ್ಯಾರ್ಥಿನಿ