ಮೂರನೇ ಸಾಲಿನಲ್ಲಿ ಇಲ್ಲದ ನುಸಿ

ಅಣ್ಣಾ,

ಇಲ್ಲಿ ನಾವು ಕ್ಷೇಮ. ನಿನ್ನ ಕ್ಷೇಮಕ್ಕೆ ಬರೆ ಎಂದು ಕೇಳುವ ಹಾಗಿಲ್ಲ. ನೀನು ಹೋಗಿ ಮೂರನೆಯ ವರ್ಷ ನಡೆಯುತ್ತಿದೆ. ಇಷ್ಟು ದಿನ ಬರೆಯದೆ ಇದ್ದದ್ದು ದುಃಖದಿಂದಲ್ಲ, ಸಿಟ್ಟಿನಿಂದ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾಳೆ ಅಮ್ಮ. ಹಾಗಾದರೆ ಸುಳ್ಳು ಬರೆದಿಟ್ಟು ಸಾಯಬಹುದೋ?

ಆ ತಗಡಿನ ಆಲಿಕೆ ನೆನಪಿದೆಯಾ? ಪುತ್ತೂರಿನಲ್ಲಿ ಸಯನ್ಸ್ ಮಾಷ್ಟ್ರಾದ ವರ್ಷವೇ ನೀನು ಹಳೆಯ ಸೂಕ್ಷ್ಮದರ್ಶಕವೊಂದನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಕಾಣಿಯೂರಿಗೆ ತಂದಿದ್ದೆ. ಆಲಿಕೆಯೊಳಗೆ ತಂತಿಬಲೆ ಕೂರಿಸಿ, ಮೇಲೆ ಮಣ್ಣು ಹರಡಿ, ಹಪ್ಪಳದ ಚಾಪೆಯ ಪಕ್ಕ ಬಿಸಿಲಿಗೆ ಇಡುತ್ತಿದ್ದೆವು. ಬಿಸಿ ತಾಳಲಾರದೆ ಮಣ್ಣಿನ ನುಸಿಗಳು ಕೆಳಗಿಳಿದು ಸ್ಪಿರಿಟಿನ ಶೀಶೆಗೆ ಬೀಳುತ್ತಿದ್ದವು. ಅವುಗಳನ್ನು ಸೂಜಿಯ ತುದಿಯಲ್ಲಿ ಎತ್ತಿ, ಗಾಜಿನ ಪಟ್ಟಿಯ ಮೇಲಿಟ್ಟು, ಕಂಡದ್ದನ್ನು ಕಂಡ ಹಾಗೆ ಚಿತ್ರ ಬರೆಯುವುದು ನನ್ನ ಕೆಲಸ. ಎಂಟನೇ ಕ್ಲಾಸಿಗೆ ನನ್ನ ಶಾಲೆ ಬಿಡಿಸಿದಾಗ ನೀನು ಒಂದು ಮಾತು ಆಡಲಿಲ್ಲ. ನನ್ನ ಕೈ ಮಾತ್ರ ನಿನಗೆ ಬೇಕಿತ್ತು.

ಜಾತಿ ಗುರುತಿಸುವುದನ್ನು ಕಲಿಸಿದವನು ನೀನೇ, ಅದನ್ನು ಇಲ್ಲ ಅನ್ನುವುದಿಲ್ಲ. ಕಾಲಿನ ತುದಿಯಲ್ಲಿ ಉಗುರು ಒಂದೋ ಮೂರೋ ನೋಡು, ಬೆನ್ನಿನ ರೋಮ ಎಣಿಸು, ಹೊಟ್ಟೆಯಡಿಯ ಬಿಲ್ಲೆಗಳ ಆಕಾರ ನೋಡು. ಎಲ್ಲಕ್ಕಿಂತ ಮುಖ್ಯವಾಗಿ ತಲೆಯ ಹಿಂಬದಿಯ ಎರಡು ಕುಳಿಗಳಿಂದ ಎದ್ದು ನಿಲ್ಲುವ ಎರಡು ರೋಮ ನೋಡು. ನೋಡಿದೆನಲ್ಲ! ನಿನಗಿಂತ ಚೆನ್ನಾಗಿ ನೋಡಿದೆ, ತಪ್ಪಾದದ್ದು ಅದೇ ಇರಬೇಕು.

ಆ ದಿನ ಪಟ್ಟಿಯ ಮೇಲೆ ಕೆಲವು ನುಸಿಗಳಿದ್ದವು. ಒಂದನ್ನು ಬಿಟ್ಟು ಉಳಿದವುಗಳ ಆ ರೋಮ ಬೆಂಕಿಕಡ್ಡಿಯ ಹಾಗೆ ತುದಿಯಲ್ಲಿ ಗುಂಡಗೆ. ಆ ಒಂದರದು ಮಾತ್ರ ಒಂದೇ ಕಡೆ ಹಲ್ಲಿರುವ ಬಾಚಣಿಗೆ. ಇದು ಬೇರೆ ಜಾತಿ ಅಣ್ಣ ಎಂದೆ. ನೀನು ಕಣ್ಣಿಟ್ಟು ನೋಡಿ, ನಕ್ಕು, "ಎಂತ ಬೇರೆ ಮಾರಾಯ್ತಿ, ಅದು ಸ್ಪಿರಿಟಿನಲ್ಲಿ ಸೀಳಿದ್ದು ಅಷ್ಟೆ. ನೀನು ಹಪ್ಪಳ ಮಗುಚಿ ಹಾಕು" ಎಂದೆ. ಎರಡು ಕುಳಿಯ ಎರಡು ರೋಮವೂ ಒಂದೇ ಅಚ್ಚಿನಲ್ಲಿ ಸೀಳುತ್ತದೆಯೇ? ಮರಿ ಇರಬಹುದು ಎಂದೂ ನೋಡಿದೆ. ಮರಿಯಾದರೆ ಮೈ ಬಿಳಿಚಿ ಮೆತ್ತಗಿರಬೇಕಿತ್ತು, ಇದು ಹುಣಸೆಬೀಜದ ಹಾಗೆ ಕಂದು, ಗಟ್ಟಿ. ಹಪ್ಪಳ ಮಗುಚಿ ಹಾಕಿ ಬಂದು ಬಾಚಣಿಗೆಯನ್ನೇ ಬರೆದೆ, ಹಲ್ಲು ಎಣಿಸಿ ಬರೆದೆ. ನೀನು ಅದನ್ನು ರಬ್ಬರಿನಿಂದ ಉಜ್ಜಿ ಬೆಂಕಿಕಡ್ಡಿ ಮಾಡಿ, ಮೂಲೆಯಲ್ಲಿ ನಿನ್ನ ಹೆಸರು ಹಾಕಿ, ಪಟ್ಟಿಯ ಜೊತೆ ಕಲ್ಕತ್ತೆಯಲ್ಲಿ ನುಸಿಗಳನ್ನು ಅಭ್ಯಾಸ ಮಾಡುವ ಪಂಡಿತರಿಗೆ ಕಳಿಸಿದೆ ಎಂದು ನನಗೆ ಆಗ ಗೊತ್ತೇ ಆಗಲಿಲ್ಲ.

ಕಲ್ಕತ್ತೆಯ ಉತ್ತರ ಬಂದದ್ದು ನಿನ್ನ ಉತ್ತರಕ್ರಿಯೆ, ಬೊಜ್ಜ ಎಲ್ಲ ಮುಗಿದ ಮೇಲೆ. ನಿನ್ನದೇ ಡಿಕ್ಷನರಿ ಇಟ್ಟುಕೊಂಡು ಓದಿದೆ. ಜೊತೆಗೆ ವಾಪಸು ಬಂದ ಚಿತ್ರದಲ್ಲಿ ನೀನು ಉಜ್ಜಿದ ಗುರುತೂ ನಿನ್ನ ಹೆಸರೂ ಕಂಡವು. ಪಟ್ಟಿಯಲ್ಲಿ ಎರಡು ಜಾತಿ ಇವೆ, ಬೆಂಕಿಕಡ್ಡಿಯದು ಹಳೆಯದು, ಬಾಚಣಿಗೆಯದು ಹೊಸದಿರಬಹುದು. ಆದರೆ ಇರುವುದು ಒಂದೇ, ಅದರ ಕಾಲೂ ಮುರಿದಿದೆ. ಅದೇ ಜಾಗದಿಂದ ಇನ್ನಷ್ಟು ಕಳಿಸಿ, ಚಿತ್ರ ಬರೆಯುವಾಗ ಕಣ್ಣು ತೆರೆದು ನೋಡಿ ಎಂದಿದ್ದರು. ಕಣ್ಣು ತೆರೆದು! ನಿನ್ನ ಹೆಣ್ಣು ಬುದ್ಧಿಯ ತಂಗಿಗೆ ಅಲ್ಲ ಆ ಮಾತು, ನಿನಗೆ.

ನಿನ್ನ ಶೀಶೆಯ ಚೀಟಿಯಲ್ಲಿ "ಕಾಣಿಯೂರು, ಅಡಿಕೆ ತೋಟ, ಮೂರನೇ ಸಾಲು" ಎಂದಿತ್ತು. ಎರಡು ವರ್ಷ, ಅಣ್ಣ, ಎರಡು ವರ್ಷ ಮೂರನೇ ಸಾಲಿನ ಬುಡದ ಸೊಪ್ಪು ಸರಿಸಿ ಮಣ್ಣು ತೆಗೆದೆ. ಸಿಕ್ಕಿದ್ದೆಲ್ಲ ಬೆಂಕಿಕಡ್ಡಿ. ನಿಧಿ ಹುಡುಕುವುದಾ ಎಂದು ಕೆಲಸದವರು ನಕ್ಕರು. ಕಡೆಗೆ ನನಗೇ ಅನುಮಾನ ಬಂತು, ಬಾಚಣಿಗೆ ನಾನು ಕಂಡದ್ದು ಹೌದೋ ಅಲ್ಲವೋ, ನನ್ನ ಕಣ್ಣೇ...

ಒಂದು ದಿನ ಆಲಿಕೆಯನ್ನು ಅಂಗಳದಲ್ಲಿ ಬಿಸಾಡಿ ಅಳುತ್ತ ಕೂತಿದ್ದೆ. ಅಮ್ಮ ಬಂದು ಅದನ್ನು ಎತ್ತಿಕೊಂಡಳು.

"ಮೂರನೇ ಸಾಲಲ್ಲಿ ಹುಡುಕಿ ಎಂತ ಮಾಡುದು? ಅವ ಮಣ್ಣು ತೆಗೆದದ್ದು ಬನದಿಂದ."

ನಾಗಬನದಿಂದ! ಪೂಜೆಯ ಭಟ್ಟರಲ್ಲದೆ ಯಾರೂ ಕಾಲಿಡದ, ಒಂದು ಎಲೆ ಸಹ ಕೀಳದ ಜಾಗ. ಅಲ್ಲಿ ಎಂದೂ ಗುದ್ದಲಿ ಬಿದ್ದಿಲ್ಲ, ಅದಕ್ಕೇ ನಿನಗೆ ಆಸೆಯಾಯಿತು. ಊರಿಗೆ ಹೆದರಿ ತೋಟದ ಹೆಸರು ಬರೆದೆ. ತೋಟದ ಮಣ್ಣಿಗೂ ಅದಕ್ಕೂ ಒಂದೇ ಶೀಶೆ ಬಳಸಿದೆಯೋ ಏನೋ. ನೀನು ಎರಡನೆಯ ಸಲ ಹೋದದ್ದನ್ನು ಅಮ್ಮ ಕಣ್ಣಾರೆ ಕಂಡಿದ್ದಳಂತೆ. ಅದೇ ವಾರ ನಿನಗೆ ಜ್ವರ. ಪುತ್ತೂರಿನ ಡಾಕ್ಟರು ಟೈಫಾಯ್ಡ್ ಎಂದರು, ಅಮ್ಮ ನಾಗದೋಷ ಎಂದಳು. ನೀನು ಸತ್ತ ಮರುದಿನವೇ, ಆ ಸಲ ನೀನು ತಂದಿಟ್ಟ ಮಣ್ಣನ್ನು ಬನಕ್ಕೆ ವಾಪಸು ಸುರಿದು, ಆಮೇಲೆ ಸುಬ್ರಹ್ಮಣ್ಯದಲ್ಲಿ ಆಶ್ಲೇಷಾಬಲಿ ಮಾಡಿಸಿ, ಬಾಯಿ ಮುಚ್ಚಿಕೊಂಡಿದ್ದಳು.

ಎರಡನೆಯ ಸಲ ಯಾಕೆ ಹೋದ ಎಂದು ಅಮ್ಮನನ್ನು ಕೇಳಿದೆ.

"ತಂಗಿ ಹೇಳಿದ್ದೇ ಸರಿ ಉಂಟು ಅಂತ ಕಾಣ್ತದೆ, ಒಮ್ಮೆ ನೋಡ್ಬೇಕು ಅಂತ ಹೇಳಿದ."

ನೀನು ಅಮ್ಮನಿಗೆ ಹೇಳಿದೆ, ನನಗೆ ಹೇಳಲಿಲ್ಲ. ನಾಗನ ಮಣ್ಣಿಗೆ ಕೈ ಹಾಕುವ ಧೈರ್ಯ ಇತ್ತು ನಿನಗೆ, ಚಾವಡಿಯಿಂದ ಅಡಿಗೆಮನೆಗೆ ಬಂದು ಆ ಒಂದು ಮಾತು ಆಡುವ ಧೈರ್ಯ ಇರಲಿಲ್ಲ. ಅದಕ್ಕೇ ನನ್ನ ಸಿಟ್ಟು, ಸುಳ್ಳು ಚೀಟಿಗಲ್ಲ.

ಈ ವರ್ಷ ನಾಗರಪಂಚಮಿಗೆ ಮುಂಚೆ ಭಟ್ಟರು ಬನ ಗುಡಿಸಿ ತರಗೆಲೆಯನ್ನು ಕಟ್ಟೆಯ ಹೊರಗೆ ಹಾಕಿದರು. ಅಮ್ಮ ಅದನ್ನು ಒಂದು ಬುಟ್ಟಿ ತುಂಬಿ ತಂದು ನನ್ನ ಮುಂದಿಟ್ಟಳು. ಒಳಗಿನದಲ್ಲ, ಹೊರಗೆ ಹಾಕಿದ್ದು, ಇದಕ್ಕೆ ದೋಷ ಇಲ್ಲ ಎಂದಳು. ಬಿಸಿಲಿಲ್ಲದ್ದರಿಂದ ಆಲಿಕೆಯ ಮೇಲೆ ಲಾಟೀನು ತೂಗುಹಾಕಿದೆ. ಏಳು ಬಿದ್ದವು ಅಣ್ಣ, ಏಳಕ್ಕೂ ಬಾಚಣಿಗೆ.

ಚೀಟಿಯಲ್ಲಿ "ನಾಗಬನದ ತರಗೆಲೆ" ಎಂದು ಬರೆದೆ. ಮೊದಲ ಚೀಟಿ ಸುಳ್ಳು, ಬರೆದವನು ನನ್ನ ಅಣ್ಣ ಎಂದೂ ಬರೆದು ಕಲ್ಕತ್ತೆಗೆ ಕಳಿಸಿದೆ. ನೀನಾದರೆ ತಂಗಿಯ ಕೈತಪ್ಪು ಎನ್ನುತ್ತಿದ್ದೆ.

ನಿನ್ನೆ ಉತ್ತರ ಬಂತು. ಹೊಸ ಜಾತಿ ಹೌದಂತೆ, ಯಾರ ಹೆಸರು ಇಡೋಣ ಎಂದು ಕೇಳಿದ್ದಾರೆ. ನಿನ್ನದೇ ಇಡಬೇಕೆಂದು ಅಮ್ಮ ಹಟ ಹಿಡಿದಳು. ನಾನು ಒಪ್ಪಲಿಲ್ಲ. ನಿನ್ನದೂ ಬೇಡ, ನನ್ನದೂ ಬೇಡ, ಬಾಚಣಿಗೆ ಎಂಬ ಅರ್ಥದ ಲ್ಯಾಟಿನ್ ಹೆಸರು ಇಡಿ ಎಂದು ಬರೆದು ಇವತ್ತಿನ ಟಪ್ಪಾಲಿಗೆ ಹಾಕಿ ಬಂದೆ. ಇನ್ನು ಮೇಲೆ ಯಾರೇ ಆ ಹೆಸರು ಹೇಳಲಿ, ನೀನು ರಬ್ಬರಿನಿಂದ ಉಜ್ಜಿದ ಹಲ್ಲನ್ನೇ ಹೇಳಬೇಕು.

ನಿನ್ನ ತಂಗಿ